ಎಷ್ಟು ಇಂಚು ಅಂತ ಕೇಳುವ ಮೊದ್ಲು ಟೇಪು ಹಿಡೀರಿ

ಓಣಂ ಆಫರ್ ಮುಗೀತು, ದೀಪಾವಳಿ ಆಫರಿನ ಬೋರ್ಡು ಕಾಸರಗೋಡು ಪೇಟೇಲಿ ಆಗ್ಲೇ ಕಾಣ್ಲಿಕ್ಕೆ ಶುರುವಾಗಿದೆ, ಅದಕ್ಕೇ ಇರ್ಬೇಕು ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು, ಮನೇಲಿ ಗೇಮ್ ಆಡ್ಲಿಕ್ಕೆ ಎಷ್ಟು ಇಂಚಿನ ಸ್ಕ್ರೀನ್ ತೆಗೊಳ್ಳುದು ಅಂತ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಬೇರೆ ಪ್ರಶ್ನೆ ಕಳ್ಸಿದವ್ರು ಬೇಜಾರು ಮಾಡ್ಬೇಡಿ, ಮುಂದಿನ ಸಲ ಖಂಡಿತ.

ಪ್ರಶ್ನೆ: ಮಗ ಡಿಗ್ರಿ ಓದ್ತಾ ಇದ್ದಾನೆ, ಪಾರ್ಟ್ ಟೈಮ್ ದುಡ್ದು ಪಿಎಸ್5 (ಟಿವಿಗೆ ಹಚ್ಚಿ ಗೇಮ್ ಆಡುವ ಪ್ಲೇಸ್ಟೇಷನ್ 5 ಪೆಟ್ಟಿಗೆ) ತೆಗೊಂಡಿದ್ದಾನೆ, ಈಗ ಅದಕ್ಕೆ 65 ಇಂಚಿನ ಟಿವಿಯೇ ಬೇಕು ಅಂತ ಹಠ. ನಮ್ಮ ಚಾವಡಿ ಅಷ್ಟೆಲ್ಲ ದೊಡ್ಡದಲ್ಲ, ಸೋಫಾದಿಂದ ಗೋಡೆಗೆ ಏಳು ಅಡಿ ಇರ್ಬಹುದು. ಅಂಗಡಿಯವ 55 ಸಾಕು ಅಂದ, ನನ್ನ ತಮ್ಮ 43 ಧಾರಾಳ ಅಂತಾನೆ. ಯಾರ ಮಾತು ಕೇಳುದು?
(ಬದಿಯಡ್ಕದ ಓದುಗರು)

ಉತ್ತರ: ಅಂಗಡಿಯವ ಹೇಳಿದ್ದೇ ಸರಿ, 55 ತೆಗೊಳ್ಳಿ. ಯಾಕೆ ಅಂತಾನೂ ಹೇಳ್ತೇನೆ, ಈ ಲೆಕ್ಕ ಒಮ್ಮೆ ಗೊತ್ತಾದ್ರೆ ಮತ್ತೆ ಯಾರನ್ನೂ ಕೇಳ್ಬೇಕು ಅಂತಿಲ್ಲ.

ನೀವು ಏಳು ಅಡಿ ಅಂತ ಬರ್ದದ್ದು ಸೋಫಾದ ಬೆನ್ನಿಂದ ಗೋಡೆಗೆ ಅಂತ ಕಾಣ್ತದೆ. ಅಳೀಬೇಕಾದ್ದು ಅದಲ್ಲ, ಕಣ್ಣಿಂದ ಸ್ಕ್ರೀನಿಗೆ. ಟಿವಿಯನ್ನು ಸ್ಟ್ಯಾಂಡಿನ ಮೇಲಿಟ್ರೆ ಗೋಡೆಯಿಂದ ಅರ್ಧ ಅಡಿಯಾದ್ರೂ ಮುಂದೆ ಬರ್ತದೆ. ಮತ್ತೆ ಆಡುವವ್ರು ಕೂರುವ ರೀತಿ ಸ್ವಲ್ಪ ನೋಡಿ, ಸಿನಿಮಾ ಆದ್ರೆ ಹಿಂದೆ ಒರಗ್ತಾರೆ, ಗೇಮ್ ಆದ್ರೆ ಐದು ನಿಮಿಷದಲ್ಲಿ ಸೋಫಾದ ತುದಿಗೆ ಬಂದು, ಮೊಣಕೈಯನ್ನು ಮಂಡಿ ಮೇಲೆ ಊರಿ, ಕಂಟ್ರೋಲರ್ ಹಿಡ್ಕೊಂಡು ಮುಂದೆ ಬಾಗಿರ್ತಾರೆ, ಅಲ್ಲಿಗೆ ಇನ್ನೂ ಅರ್ಧ ಅಡಿ ಹೋಯ್ತು. ಮಗನನ್ನು ಹಾಗೇ ಕೂರ್ಸಿ ಅವನ ಕಣ್ಣಿನ ಹತ್ರದಿಂದ ಟೇಪು ಎಳ್ದು ನೋಡಿ, ನಿಮ್ಮ ಏಳಡಿ ಆರಕ್ಕೆ ಇಳ್ದಿರ್ತದೆ.

ಈಗ ಲೆಕ್ಕ. ಸ್ಕ್ರೀನಿನ ಇಂಚನ್ನು (ಅಗಲ ಅಲ್ಲ, ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳ್ದದ್ದು) 1.2ರಿಂದ ಗುಣಿಸಿದ್ರೆ ಬರುದು ಅತಿ ಹತ್ರದ ದೂರ, 1.6ರಿಂದ ಗುಣಿಸಿದ್ರೆ ಬರುದು ಆರಾಮದ ದೂರ, ಎರಡೂ ಇಂಚಲ್ಲೇ. ಇದು ನಾನು ಮಾಡಿದ್ದಲ್ಲ, ಸಿನಿಮಾ, ಹೋಮ್ ಥಿಯೇಟರಿನವ್ರು ಬಳಸುವ ಲೆಕ್ಕ, ಪರದೆ ನಮ್ಮ ಕಣ್ಣಿಗೆ ಸುಮಾರು 30ರಿಂದ 40 ಡಿಗ್ರಿ ಅಗಲಕ್ಕೆ ಕಾಣ್ಬೇಕು ಅನ್ನೂದನ್ನೇ ಗುಣಾಕಾರ ಮಾಡಿದ್ದು. 55ಕ್ಕೆ ಹಾಕಿದ್ರೆ 66ರಿಂದ 88 ಇಂಚು, ಅಂದ್ರೆ ಐದೂವರೆ ಅಡಿಯಿಂದ ಏಳು ಅಡಿ ಚಿಲ್ರೆ. 65ಕ್ಕೆ ಕಡಿಮೆ ಅಂದ್ರೂ 78 ಇಂಚು, ಆರೂವರೆ ಅಡಿ ಬೇಕು. 43ಕ್ಕೆ ನಾಲ್ಕು ಅಡಿ ಮೇಲೆ ಸ್ವಲ್ಪದಿಂದ ಐದೂಮುಕ್ಕಾಲು ಅಡಿ. ನಿಮ್ಮ ಆರಡಿ ಯಾವುದ್ರ ಒಳಗೆ ಬಂತು ನೋಡಿ.

ಮಗನಿಗೆ ಬಾಯಲ್ಲಿ ಹೇಳಿದ್ರೆ ಒಪ್ಪುದಿಲ್ಲ, ನಂಗೂ ಗೊತ್ತು. ಒಂದು ಕೆಲ್ಸ ಮಾಡಿ. ಹಳೇ ಪೇಪರು ನಾಲ್ಕೈದು ಅಂಟಿಸಿ 122 ಸೆಂಟಿಮೀಟರ್ ಅಗಲ, 68 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅದೇ 55 ಇಂಚು. 144ಕ್ಕೆ 81 ಮಾಡಿದ್ರೆ 65. ಟಿವಿ ಬರುವ ಜಾಗದಲ್ಲಿ ಗೋಡೆಗೆ ಟೇಪು ಹಚ್ಚಿ ಎರಡು ದಿನ ಹಾಗೇ ಬಿಡಿ. ಮೂಲೆಗಳಲ್ಲಿ ಕೆಂಪು ಪೆನ್ನಲ್ಲಿ ಸಣ್ಣ ವೃತ್ತ ಹಾಕಿ. ಗೇಮಲ್ಲಿ ಮುಖ್ಯವಾದ್ದೆಲ್ಲ ಮೂಲೇಲೇ ಇರುದು, ಒಂದ್ಕಡೆ ಮ್ಯಾಪು, ಇನ್ನೊಂದ್ಕಡೆ ಗುಂಡು ಎಷ್ಟು ಉಳ್ದಿದೆ, ಮೇಲೆ ಟೈಮು. ಸಿನಿಮಾದಲ್ಲಿ ಕಣ್ಣು ನಡುವಲ್ಲೇ ಇದ್ರೂ ನಡೀತದೆ, ಇಲ್ಲಿ ಎರಡು ಸೆಕೆಂಡಿಗೊಮ್ಮೆ ಮೂಲೆಗೆ ಹೋಗಿ ಬರ್ತಾ ಇರ್ಬೇಕು. ಕತ್ತು ತಿರುಗಿಸದೆ ಬರೀ ಕಣ್ಣಾಡಿಸಿ ನಾಲ್ಕೂ ವೃತ್ತ ಸಿಗ್ತದಾ ಅಂತ ಮಗನೇ ನೋಡ್ಲಿ.

ಇದನ್ನು ಇಷ್ಟು ಒತ್ತಿ ಹೇಳ್ಲಿಕ್ಕೆ ಕಾರಣ ಉಂಟು. ಕೆಲವು ವರ್ಷದ ಹಿಂದೆ ನಾನೂ ಅಳೀದೇ 55 ಇಂಚು ತಂದು ಮಲಗುವ ಕೋಣೇಲಿ ಇಟ್ಟೆ, ಮಂಚದ ತುದಿಯಿಂದ ಸ್ಕ್ರೀನಿಗೆ ನಾಲ್ಕೂವರೆ ಅಡಿ. ಮೊದಲ ವಾರ ಖುಷಿಯಾಗಿತ್ತು. ಮತ್ತೆ ಅಕ್ಕನ ಮಗ ಆಡುವಾಗ ಗಮನಿಸಿದೆ, ಎಡಗಡೆ ಕೆಳಗಿನ ಮ್ಯಾಪು ನೋಡ್ಲಿಕ್ಕೆ ಅವನ ಗಲ್ಲ ಪ್ರತೀ ಸಲ ಎಡಕ್ಕೆ ತಿರುಗ್ತಾ ಇತ್ತು, ಒಂದು ಗಂಟೆ ಕಳೀವಾಗ ಕುತ್ತಿಗೆ ಹಿಂದೆ ಕೈ ಇಟ್ಕೊಂಡು ಉಜ್ತಾ ಇದ್ದ. ನೋಡಿ ಸಂಕಟ ಆಯ್ತು. ಮರುದಿನವೇ ಆ ಟಿವಿಯನ್ನು ಚಾವಡಿಗೆ ಸಾಗ್ಸಿದೆ, ಅಲ್ಲಿ ಏಳಡಿ ಸಿಗ್ತದೆ, ಅದೇ ಟಿವಿ, ಅದೇ ಗೇಮು, ಕುತ್ತಿಗೆ ನೋವು ಮಾತ್ರ ಇಲ್ಲ.

ಅಂಗಡೀಲಿ ನೋಡಿ ನಿರ್ಧಾರ ಮಾಡ್ಬೇಡಿ. ಅಲ್ಲಿ ಹಾಲ್ ದೊಡ್ಡದು, ನೀವು ನಿಂತದ್ದು ದೂರದಲ್ಲಿ, ಪಕ್ಕದಲ್ಲಿ 75 ಇಂಚಿನದ್ದು ಹೊಳೀತಾ ಇರ್ತದೆ, 55 ಪಾಪ ಸಣ್ಣ ಕಿಟಕಿ ಥರ ಕಾಣ್ತದೆ.

ಇಂಚಿಗಿಂತ ಮುಖ್ಯವಾದ ಎರಡು ವಿಷಯ ಅಂಗಡಿಯವನ ಹತ್ರ ಕೇಳ್ಳೇಬೇಕು. ಒಂದು, ಗೇಮ್ ಮೋಡ್ ಉಂಟಾ. ಸಾಮಾನ್ಯ ಮೋಡಲ್ಲಿ ಟಿವಿ ಚಿತ್ರವನ್ನು ಚಂದ ಮಾಡ್ತಾ ಕೂತ್ಕೊಳ್ತದೆ, ಅಷ್ಟರಲ್ಲಿ ನೀವು ಬಟನ್ ಒತ್ತಿದ್ದಕ್ಕೂ ಸ್ಕ್ರೀನಲ್ಲಿ ಆದದ್ದಕ್ಕೂ ನಡುವೆ ಗೊತ್ತಾಗುವಷ್ಟು ತಡ ಆಗ್ತದೆ, ಗೇಮ್ ಮೋಡ್ ಆ ಶೃಂಗಾರವನ್ನೆಲ್ಲ ಬಿಟ್ಟು ಚಿತ್ರವನ್ನು ನೇರ ಬಿಡ್ತದೆ. ಎರಡು, 4ಕೆ 120 ಹರ್ಟ್ಜ್ (3840ಕ್ಕೆ 2160 ಚುಕ್ಕೆಯ ಚಿತ್ರ ಸೆಕೆಂಡಿಗೆ 120 ಸಲ) ಬೇಕಾದ್ರೆ ಪಿಎಸ್5ರ ವಯರು ಚುಚ್ಚುವ ಕಡೆ ಎಚ್‌ಡಿಎಂಐ 2.1 ಪೋರ್ಟ್ ಬೇಕು, ಅದೂ ಎಲ್ಲ ಪೋರ್ಟಲ್ಲಿ ಇರುದಿಲ್ಲ, ಎಷ್ಟೋ ಟಿವೀಲಿ ಒಂದೋ ಎರಡೋ ಮಾತ್ರ. 60 ಹರ್ಟ್ಜಲ್ಲಿ ಒಂದೊಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ತದೆ, 120ರಲ್ಲಿ ಅದರರ್ಧ. ಓಡುವ ಗಾಡಿ, ಓಡುವ ಚೆಂಡು ನೋಡುವಾಗ ಆ ಅರ್ಧ ಕಣ್ಣಿಗೆ ಸರೀ ಗೊತ್ತಾಗ್ತದೆ. 65ರ ಸಾದಾ ಟಿವಿಗೆ ಕೊಡುವ ದುಡ್ಡಲ್ಲಿ ಇದೆರಡೂ ಇರುವ 55 ಸಿಕ್ಕಿದ್ರೆ ಕಣ್ಣು ಮುಚ್ಚಿ ತೆಗೊಳ್ಳಿ.

ಪ್ರಶ್ನೆ: ನಾವು ಜತ್ತ ತಾಲೂಕಿನವ್ರು ರೀ. ಮನ್ಯಾಗ ಇರೂದು ಒಂದ ಖೋಲಿ, ಹುಡುಗ್ರು ಟಿವಿ ಮುಂದ ಚಾಪಿ ಹಾಸ್ಕೊಂಡ ಕುಂತ ಆಡ್ತಾವ. 32 ಇಂಚಿಂದ ತಗೋಬೇಕೋ 43 ತಗೋಬೇಕೋ ತಿಳೀವಲ್ದು. ರೊಕ್ಕ ಭಾಳ ಇಲ್ರಿ.
(ಜತ್ತ ತಾಲೂಕಿನಿಂದ)

ಉತ್ತರ: ಚಾಪೆ ಮೇಲೆ ಕೂತು ಆಡುವ ಮಕ್ಳು ತನ್ನಿಂದ ತಾನೇ ಮುಂದೆ ಮುಂದೆ ಜರುಗ್ತಾರೆ, ನಾಲ್ಕು ಅಡಿಗೆ ಬಂದು ನಿಲ್ತಾರೆ. ಆ ದೂರಕ್ಕೆ 32 ಚೆನ್ನಾಗಿ ಹೊಂದ್ತದೆ. ಆದ್ರೆ ಒಂದು ಮಾತು ಮನಸ್ಸಲ್ಲಿ ಇಟ್ಕೊಳ್ಳಿ, ಕಡಿಮೆ ರೇಟಿನ 32 ಇಂಚಿನ ಟಿವಿಗಳಲ್ಲಿ ಸುಮಾರು ಎಲ್ಲ ಎಚ್‌ಡಿ ರೆಡಿ, ಅಂದ್ರೆ 1366ಕ್ಕೆ 768 ಚುಕ್ಕೆ. ಅಷ್ಟು ಹತ್ರ ಕೂತ್ರೆ ಅಕ್ಷರದ ಅಂಚು ಗರಗಸದ ಹಲ್ಲಿನ ಹಾಗೆ ಕಾಣ್ತದೆ. ಅದೇ 32ರಲ್ಲಿ ಫುಲ್ ಎಚ್‌ಡಿ, 1920ಕ್ಕೆ 1080ರದ್ದು ಕೇಳಿ ತೆಗೊಳ್ಳಿ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ.

ಅಣ್ಣ ತಮ್ಮ ಇಬ್ರೂ ಒಟ್ಟಿಗೆ ಕಾರ್ ರೇಸ್ ಆಡುವವ್ರಾದ್ರೆ ಮಾತ್ರ 43ಕ್ಕೆ ಹೋಗಿ. ಸ್ಕ್ರೀನ್ ಮೇಲೆ ಕೆಳಗೆ ಎರಡು ಭಾಗ ಆದ್ರೆ 32ರಲ್ಲಿ ಒಬ್ಬನಿಗೆ ಸಿಗುದು ಎಂಟು ಇಂಚೂ ಇಲ್ಲದ ಪಟ್ಟಿ, ತಿರುವು ಬರುದೇ ಕಾಣುದಿಲ್ಲ. 43ರಲ್ಲಿ ಹತ್ತೂವರೆ ಸಿಗ್ತದೆ. ಆಗ ಚಾಪೆಯನ್ನು ಐದು ಅಡಿ ಹಿಂದೆ ಹಾಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳ್ದು ಇಲ್ಲಿಂದ ಮುಂದೆ ಬರ್ಬಾರ್ದು ಅನ್ನಿ. ರೇಟಿನ ವಿಷಯಕ್ಕೆ ಬಂದ್ರೆ, 32ಕ್ಕಿಂತ ದೊಡ್ಡ ಟಿವಿಗೆ ಮೊದ್ಲು 28 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳೀತು. 32ಕ್ಕೆ ಮೊದ್ಲೂ 18ರೇ. ಹಾಗಾಗಿ ಹಿಂದೆ ಕೇಳಿದ 43ರ ರೇಟು ತಲೇಲಿ ಇಟ್ಕೊಂಡಿದ್ರೆ ಇನ್ನೊಮ್ಮೆ ವಿಚಾರಿಸಿ.

ಟಿವಿಯನ್ನು ಎತ್ತರಕ್ಕೆ ನೇತು ಹಾಕ್ಬೇಡಿ. ನೆಲದಲ್ಲಿ ಕೂತವ್ರ ಕಣ್ಣು ಎಷ್ಟು ಎತ್ತರದಲ್ಲಿ ಉಂಟೋ ಸ್ಕ್ರೀನಿನ ನಡುಭಾಗ ಅದರ ಹತ್ರ ಬರ್ಬೇಕು, ಹಾಗಾಗಿ ತಗ್ಗಿನ ಒಂದು ಮಣೆಯೋ ಪೆಟ್ಟಿಗೆಯೋ ಸಾಕು.

ಪ್ರಶ್ನೆ: ಹೊಸೂರಲ್ಲಿ ಫ್ಯಾಕ್ಟರಿ ಕೆಲ್ಸ, ಬಾಡಿಗೆ ರೂಮಲ್ಲಿ ಒಬ್ನೇ ಇದೀನಿ, ಶಿಫ್ಟ್ ಮುಗಿಸಿ ಬಂದು ಕಂಪ್ಯೂಟರಲ್ಲಿ ಗೇಮ್ ಆಡ್ತೀನಿ. ಗ್ರಾಫಿಕ್ಸ್ ಕಾರ್ಡ್ ಮಧ್ಯಮದ್ದು. ಮಾನಿಟರ್ 24 ತಗೊಳ್ಳಾ, 27 ತಗೊಳ್ಳಾ, ಇಲ್ಲಾ 32? ಫ್ರೆಂಡ್ ಒಬ್ಬ 34 ಇಂಚಿನ ಅಗಲದ್ದು ತಗೋ ಅಂತಾನೆ. ಮುಂದೆ ಪಿಎಸ್5 ತಗೊಳ್ಳೋ ಆಸೇನೂ ಇದೆ.
(ಹೊಸೂರಿನಿಂದ)

ಉತ್ತರ: ಮೇಜಿನ ಲೆಕ್ಕವೇ ಬೇರೆ. ಸೋಫಾ ಹಿಂದೆ ಸರ್ಸಬಹುದು, ಮೇಜು ಉದ್ದ ಆಗುದಿಲ್ಲ. ಸಾಮಾನ್ಯ ಮೇಜಿನ ಆಳ 60 ಸೆಂಟಿಮೀಟರ್, ಕಣ್ಣಿಗೂ ಸ್ಕ್ರೀನಿಗೂ ಒಂದು ತೋಳಿನ ದೂರ, ಅಷ್ಟೇ. ಇಷ್ಟು ಹತ್ರದಲ್ಲಿ ಇಂಚಿನ ಜೊತೆ ಚುಕ್ಕೆ ಎಷ್ಟು ಒತ್ತಾಗಿ ಉಂಟು ಅನ್ನೂದೂ ಮುಖ್ಯ ಆಗ್ತದೆ. 24 ಇಂಚಲ್ಲಿ 1080ಪಿ (ಮೇಲೆ ಹೇಳಿದ ಫುಲ್ ಎಚ್‌ಡಿ) ಇದ್ರೆ ಒಂದು ಇಂಚಿಗೆ ಸುಮಾರು 92 ಚುಕ್ಕೆ, ಚೆನ್ನಾಗಿರ್ತದೆ. ಅದೇ 1080ಪಿಯನ್ನು 27ಕ್ಕೆ ಎಳ್ದ್ರೆ 82ಕ್ಕೆ ಇಳೀತದೆ, ಅಕ್ಷರ ಮಸುಕಾದ ಹಾಗೆ ಅನ್ನಿಸ್ತದೆ. 27ಕ್ಕೆ 1440ಪಿ (2560ಕ್ಕೆ 1440 ಚುಕ್ಕೆ) ಬೇಕು, ಆಗ 109.

ಹಾಗಾದ್ರೆ 4ಕೆ ಇನ್ನೂ ಒಳ್ಳೇದಲ್ವಾ ಅಂತ ಕೇಳ್ತೀರಿ. ನೋಡ್ಲಿಕ್ಕೆ ಹೌದು. ಆದ್ರೆ ಅಷ್ಟೂ ಚುಕ್ಕೆಯನ್ನು ಸೆಕೆಂಡಿಗೆ 60 ಸಲ, 100 ಸಲ ಬಿಡಿಸ್ಬೇಕಾದ್ದು ನಿಮ್ಮ ಗ್ರಾಫಿಕ್ಸ್ ಕಾರ್ಡು. 1080ಪಿ ಅಂದ್ರೆ ಸುಮಾರು 20.7 ಲಕ್ಷ ಚುಕ್ಕೆ, 1440ಪಿ ಅಂದ್ರೆ 36.9 ಲಕ್ಷ, 4ಕೆ ಅಂದ್ರೆ 82.9 ಲಕ್ಷ, 1080ಪಿಯ ಸರೀ ನಾಲ್ಕು ಪಾಲು. ಮಧ್ಯಮ ಕಾರ್ಡಿಗೆ ಅಷ್ಟು ಹೊರೆ ಹೊರ್ಸಿದ್ರೆ ಫ್ಯಾನ್ ಕಿರುಚ್ತದೆ, ಗೇಮು ತಡವರಿಸ್ತದೆ. ನಿಮ್ಮ ಕಾರ್ಡಿಗೆ, ನಿಮ್ಮ ಮೇಜಿಗೆ, ನಿಮ್ಮ ಪಿಎಸ್5 ಆಸೆಗೆ ಎಲ್ಲದಕ್ಕೂ ಹೊಂದುದು 27 ಇಂಚಿನ 1440ಪಿ. ಪಿಎಸ್5 ಬಂದ ಹೊಸತರಲ್ಲಿ 1440ಪಿ ಕೊಡ್ತಾ ಇರ್ಲಿಲ್ಲ, 2022ರ ಸೆಪ್ಟೆಂಬರಿನ ಅಪ್ಡೇಟಿಂದ ಕೊಡ್ತದೆ, ಹಾಗಾಗಿ ಆ ಚಿಂತೆ ಬೇಡ. ಬರೀ ಶೂಟಿಂಗ್ ಗೇಮನ್ನೇ ಪಂದ್ಯದ ಥರ ಆಡುವವ್ರಾದ್ರೆ 24 ಸಾಕು, ಬಹುಮಾನದ ದುಡ್ಡಿಗೆ ಆಡುವ ಆಟಗಾರರೂ ಹೆಚ್ಚಾಗಿ 24, 25 ಇಂಚಲ್ಲೇ ಆಡುದು, ಇಡೀ ಸ್ಕ್ರೀನು ಒಂದೇ ನೋಟಕ್ಕೆ ಸಿಗ್ಬೇಕು ಅಂತ.

34ರ ಅಗಲದ್ದು ಕೇಳ್ಲಿಕ್ಕೆ ದೊಡ್ಡದು, ಎತ್ತರದಲ್ಲಿ ಅದು 27ರಷ್ಟೇ, ಎರಡೂ ಬದಿಗೆ ಉದ್ದ ಜಾಸ್ತಿ, ಅಷ್ಟೇ. ಕಂಪ್ಯೂಟರಲ್ಲಿ ಕಾರು, ವಿಮಾನ ಓಡಿಸುವ ಗೇಮಿಗೆ ತುಂಬಾ ಚಂದ. ಆದ್ರೆ ಪಿಎಸ್5 ಆ ಅಗಲಕ್ಕೆ ಚಿತ್ರ ಕೊಡುದಿಲ್ಲ, ಎರಡೂ ಬದಿ ಕಪ್ಪು ಪಟ್ಟಿ ಬರ್ತದೆ. ನಿಮ್ಗೆ ಬೇಡ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: 32 ಇಂಚಿನ ಟಿವಿಯನ್ನೇ ಕಂಪ್ಯೂಟರ್ ಟೇಬಲ್ ಮೇಲೆ ಇಟ್ಟು ಮಾನಿಟರ್ ಥರ ಬಳಸಬೌದಾ ಸಾರ್?
(ಮಡಕಶಿರಾದಿಂದ)

ಉತ್ತರ: ಎರಡು ಅಡಿ ದೂರಕ್ಕೆ ಬೇಡ. ಮೂರೂವರೆ ಅಡಿ ಸಿಗುವ ಹಾಗೆ ಟಿವಿಯನ್ನು ಹಿಂದಿನ ಗೋಡೆಗೆ ಹಾಕ್ಲಿಕ್ಕೆ ಆಗ್ತದಾದ್ರೆ ಬಳಸಿ.

ಪ್ರಶ್ನೆ: ಅಣ್ಣ ದುಬೈಯಿಂದ ರಜೆಗೆ ಬರ್ತಾ ಇದ್ದಾನೆ, ಬರುವಾಗ ಅಲ್ಲಿಂದ್ಲೇ ಟಿವಿ ತರ್ತೇನೆ ಅಂತಿದ್ದಾನೆ. ನಾವು ಐದಾರು ಜನ ಫ್ರೆಂಡ್ಸ್ ರಾತ್ರಿ ಸೇರಿ ಫುಟ್ಬಾಲ್ ಗೇಮ್ ಆಡುದು, ಹಿಂದೆ ಕೂತವರಿಗೆ ಆಟಗಾರರು ಇರುವೆ ಥರ ಕಾಣ್ತಾರೆ. ಎಷ್ಟು ಇಂಚು ಹೇಳ್ಲಿ?
(ಉಪ್ಪಳದಿಂದ)

ಉತ್ತರ: ಗಲ್ಫಿಂದ ಟಿವಿ ಬರುದು ನಮ್ಮ ಊರಿಗೆ ಹೊಸತಲ್ಲ, ಹಗ್ಗ ಬಿಗ್ದ ಆ ಉದ್ದದ ಪೆಟ್ಟಿಗೆ ಏರ್‌ಪೋರ್ಟಿಂದ ಜೀಪಿನ ಮೇಲೆ ಬರುದನ್ನು ನೋಡಿ ಬೆಳ್ದವ್ರು ನಾವು. ಆದ್ರೆ 2013ರ ಆಗಸ್ಟ್ 26ರಿಂದ ಫ್ಲಾಟ್ ಟಿವಿಗೆ ಸುಂಕ ರಿಯಾಯಿತಿ ತೆಗ್ದು ಹಾಕಿದ್ರು. ಅಲ್ಲಿಯ ರೇಟಿಗೆ ಸುಂಕ ಸೇರ್ಸಿ, ವಿಮಾನದಲ್ಲಿ ಅಷ್ಟು ದೊಡ್ಡ ಪೆಟ್ಟಿಗೆಗೆ ಆಗುವ ಖರ್ಚೂ ಸೇರ್ಸಿ, ಮತ್ತೆ ಇಲ್ಲಿಯ ಆಫರ್ ರೇಟಿನ ಪಕ್ಕ ಇಟ್ಟು ನೋಡಿ. ಅಲ್ಲಿ ಕೊಟ್ಟ ವಾರಂಟಿ ಇಲ್ಲಿ ನಡೀತದಾ ಅಂತ ಅಣ್ಣ ಅಲ್ಲೇ ಬರಹದಲ್ಲಿ ಕೇಳ್ಲಿ. ದೊಡ್ಡ ಪ್ಯಾನೆಲನ್ನು ಅಡ್ಡ ಮಲಗ್ಸಿ ತಂದ್ರೆ ಒಡೆಯುವ ಭಯ ಉಂಟು, ನಿಲ್ಸಿಯೇ ತರ್ಬೇಕು. ಪ್ಯಾನೆಲ್ ಹೋದ್ರೆ ಹೆಚ್ಚಾಗಿ ಇಡೀ ಟಿವಿಯೇ ಹೋದ ಹಾಗೆ. ನಾನಾದ್ರೆ ಅಣ್ಣನ ಹತ್ರ ಕಂಟ್ರೋಲರ್ ತರ್ಲಿಕ್ಕೆ ಹೇಳಿ ಟಿವಿಯನ್ನು ಇಲ್ಲೇ ತೆಗೊಳ್ತೇನೆ.

ಇಂಚಿನ ವಿಷಯ. ಫುಟ್ಬಾಲ್ ಗೇಮಲ್ಲಿ ಕ್ಯಾಮೆರಾ ಎತ್ತರದಲ್ಲಿ, ದೂರದಲ್ಲಿ ಇರುದ್ರಿಂದ ಆಟಗಾರರು ಸಣ್ಣವ್ರಾಗೇ ಕಾಣುದು. ಐದಾರು ಜನ ಎರಡು ಸಾಲಲ್ಲಿ ಕೂತ್ರೆ ಹಿಂದಿನ ಸಾಲು ಒಂಬತ್ತು ಅಡಿಗೆ ಹೋಗ್ತದೆ, ಅವ್ರ ಲೆಕ್ಕದಲ್ಲಿ 65 ಬೇಕು, ಮುಂದಿನವ್ರು ಆರೂವರೆ ಅಡಿಗಿಂತ ಹತ್ರ ಬರ್ಬಾರ್ದು. ಕೋಣೆ ಅಷ್ಟು ಉದ್ದ ಇಲ್ಲ ಅಂದ್ರೆ 55 ತೆಗೊಂಡು ಆಡುವವ್ರು ಮುಂದೆ, ನೋಡುವವ್ರು ಹಿಂದೆ ಅಂತ ಮಾಡ್ಕೊಳ್ಳಿ, ಗೇಮಿನ ಸೆಟ್ಟಿಂಗಲ್ಲಿ ಕ್ಯಾಮೆರಾ ಝೂಮ್ ಸ್ವಲ್ಪ ಏರ್ಸಿದ್ರೂ ತುಂಬಾ ವ್ಯತ್ಯಾಸ ಆಗ್ತದೆ. ಇನ್ನೊಂದು, ಇಷ್ಟು ಜನ ಅಂದ್ರೆ ಇಬ್ರಾದ್ರೂ ಬದಿಯಿಂದ ನೋಡ್ತಾರೆ. ಟಿವಿ ಪ್ಯಾನೆಲಲ್ಲಿ ಐಪಿಎಸ್, ವಿಎ ಅಂತ ಎರಡು ಬಗೆ ಉಂಟು, ಐಪಿಎಸ್ ಪ್ಯಾನೆಲ್ ಬದಿಯಿಂದ್ಲೂ ಬಣ್ಣ ಉಳ್ಸಿಕೊಳ್ತದೆ, ವಿಎ ಪ್ಯಾನೆಲ್ ಬದಿಯಿಂದ ಬಿಳಿಚಿಕೊಳ್ತದೆ, ಎದುರಿಂದ ಮಾತ್ರ ಕಪ್ಪು ಚಂದ. ಅಂಗಡೀಲಿ ಬದಿಗೆ ಹೋಗಿ ನಿಂತು ನೋಡಿ.

ಮತ್ತೆ ತುಲಾ ಮಳೆಯ ಗುಡುಗು ಮಿಂಚಿನ ಕಾಲ ಇದು. ಸಂಜೆ ಆಕಾಶ ಕಪ್ಪಾದ ಕೂಡ್ಲೇ ಸ್ವಿಚ್ ಆಫ್ ಮಾಡಿದ್ರೆ ಸಾಲುದಿಲ್ಲ, ಪ್ಲಗ್ ಎಳೀರಿ, ಕೇಬಲ್ ವಯರು, ಇಂಟರ್ನೆಟ್ ವಯರು ಎಲ್ಲ ಎಳೀರಿ. ಸಿಡ್ಲು ಕರೆಂಟು ಲೈನಲ್ಲಿ ಮಾತ್ರ ಬರುದಲ್ಲ, ನೆಟ್ ವಯರಲ್ಲಿ ಬಂದು ಎಚ್‌ಡಿಎಂಐ ಪೋರ್ಟ್ ಸುಟ್ಟದ್ದನ್ನೂ ನಾನು ಕಂಡಿದ್ದೇನೆ.

ಪ್ರಶ್ನೆ: ನಮ್ಮದು ತಾಳವಾಡಿ ಕಡೆ ಹಳ್ಳಿ. ಹುಡುಗ್ರೆಲ್ಲ ದುಡ್ಡು ಹಾಕಿ ಪ್ರೊಜೆಕ್ಟರ್ ತರೋಣ ಅಂತಿದೀವಿ, ಗೋಡೆ ತುಂಬಾ ಆಡ್ಬೋದಲ್ಲ. ಆನ್‌ಲೈನಲ್ಲಿ ಕಮ್ಮಿ ರೇಟಿಗೆ 4ಕೆ ಅಂತ ಹಾಕಿದಾರೆ.
(ತಾಳವಾಡಿಯಿಂದ)

ಉತ್ತರ: ನಿಮ್ಮ ಉತ್ಸಾಹ ನೋಡಿ ಖುಷಿ ಆಯ್ತು, ಆದ್ರೆ ಆ ದುಡ್ಡು ಹಾಳಾಗ್ಬಾರ್ದು ಅಂತ ಹೇಳ್ತೇನೆ. ಕಡಿಮೆ ರೇಟಿನದ್ರ ಮೇಲೆ 4ಕೆ ಸಪೋರ್ಟ್ ಅಂತ ಬರ್ದಿರ್ತದೆ, ಅಂದ್ರೆ 4ಕೆ ಸಿಗ್ನಲ್ ಒಳಗೆ ತೆಗೊಳ್ತದೆ ಅಂತ ಅರ್ಥ, ಗೋಡೆ ಮೇಲೆ ಬೀಳುದು 720ಪಿಯೋ ಅದಕ್ಕಿಂತ ಕಡಿಮೆಯೋ ಆಗಿರ್ಬಹುದು. ನೇಟಿವ್ ರೆಸಲ್ಯೂಷನ್ ಎಷ್ಟು ಅಂತ ಹುಡುಕಿ ಓದಿ, ಅದೇ ನಿಜವಾದ್ದು. 100 ಇಂಚಿನ ಚಿತ್ರಕ್ಕೆ ಗೋಡೇಲಿ ಏಳೂಕಾಲು ಅಡಿ ಅಗಲ ಬೇಕು, ಕೂರ್ಲಿಕ್ಕೆ ಹತ್ತು ಅಡಿ ದೂರ ಬೇಕು, ಹಗಲಲ್ಲಿ ಕಿಟಕಿ ಪೂರ್ತಿ ಮುಚ್ಬೇಕು. ಅಗ್ಗದ ಪ್ರೊಜೆಕ್ಟರಲ್ಲಿ ಬಟನ್ ಒತ್ತಿದ ಮೇಲೆ ಚಿತ್ರ ಬರ್ಲಿಕ್ಕೆ ತಡ ಆಗುದೂ ಜಾಸ್ತಿ, ಕ್ರಿಕೆಟ್ ಗೇಮಲ್ಲಿ ಚೆಂಡು ವಿಕೆಟಿಗೆ ಬಿದ್ದ ಮೇಲೆ ಬ್ಯಾಟು ಬೀಸ್ತದೆ. ಅದೇ ದುಡ್ಡಿಗೆ ಒಂದು ಒಳ್ಳೇ 43 ಇಂಚಿನ ಟಿವಿ ಬರ್ತದಾ ನೋಡಿ. ಸ್ಕ್ರೀನ್ ಸಣ್ಣದಾದ್ರೂ ಆಟ ಕೈಗೆ ಸಿಗ್ತದೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಈಗ ನನ್ನ ಮೊಬೈಲಲ್ಲೇ ಗೇಮ್ ಆಡುದು. ದೊಡ್ಡ ಟಿವಿ ತಂದ್ರೆ ಕಣ್ಣು ಹಾಳಾಗ್ತದೆ ಅಂತ ಅತ್ತೆ ಹೇಳ್ತಾರೆ, ನಂಗೆ ಹೆದ್ರಿಕೆ ಆಗ್ತಾ ಉಂಟು.
(ಮಂಜೇಶ್ವರದ ಓರ್ವ ತಾಯಿ)

ಉತ್ತರ: ಅಮ್ಮಾ, ನಿಮ್ಮ ಹೆದ್ರಿಕೆ ನಂಗೆ ಅರ್ಥ ಆಗ್ತದೆ. ಮಗುವಿನ ಕಣ್ಣಿಗೆ ಕಷ್ಟ ಆಗುದು ಸ್ಕ್ರೀನ್ ದೊಡ್ಡದಾದ್ದಕ್ಕಲ್ಲ, ಹತ್ರ ಆದದ್ದಕ್ಕೆ. ಈಗ ಅವನು ಮೊಬೈಲು ಹಿಡ್ಕೊಂಡು ಮೂಲೇಲಿ ಕೂತಾಗ ಸದ್ದು ಮಾಡದೆ ಹೋಗಿ ನೋಡಿ, ಮೊಬೈಲು ಮುಖದಿಂದ ಒಂದು ಗೇಣು ದೂರದಲ್ಲಿ ಇರ್ತದೆ, ರೆಪ್ಪೆ ಬಡಿಯುದೂ ಕಡಿಮೆ ಆಗಿರ್ತದೆ. ಅಷ್ಟು ಹತ್ರಕ್ಕೆ ಕಣ್ಣಿನ ಒಳಗಿನ ಸ್ನಾಯು ಬಿಗಿ ಹಿಡ್ದೇ ಇರ್ಬೇಕು. ಅದೇ ಗೇಮನ್ನು 43 ಇಂಚಲ್ಲಿ ಐದು ಅಡಿ ದೂರದಿಂದ ಆಡಿದ್ರೆ ಆ ಬಿಗಿ ಸಡ್ಲ ಆಗ್ತದೆ. ಮೊಬೈಲಿಗಿಂತ ಟಿವಿಯೇ ವಾಸಿ ಅಂತ ನಾನು ಧೈರ್ಯವಾಗಿ ಹೇಳ್ತೇನೆ.

ಹಾಗಂತ ಗಂಟೆಗಟ್ಟಲೆ ಬಿಡ್ಲಿಕ್ಕೂ ಆಗುದಿಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡ್ಬೇಕು ಅಂತ ಕಣ್ಣಿನ ಡಾಕ್ಟ್ರುಗಳು ಹೇಳುದು, ಮಕ್ಕಳಿಗೆ ಗಡಿಯಾರ ನೆನಪಿರುದಿಲ್ಲ, ಒಂದು ಮ್ಯಾಚ್ ಮುಗ್ದ ಕೂಡ್ಲೇ ಅಂಗಳಕ್ಕೆ ಹೋಗಿ ತೋಟದ ಆಚೆ ಕಡೆಯ ತೆಂಗಿನ ಮರದಲ್ಲಿ ಕಾಯಿ ಎಷ್ಟು ಉಂಟು ಅಂತ ಎಣ್ಸಿ ಬಾ ಅನ್ನಿ, ಕೆಲ್ಸ ಆಯ್ತು. ದಿನಾ ಹೊರಗೆ ಬೆಳಕಲ್ಲಿ ಆಡುವ ಮಕ್ಕಳಲ್ಲಿ ಹತ್ರದೃಷ್ಟಿ (ದೂರದ್ದು ಮಸುಕಾಗಿ ಕಾಣುವ ತೊಂದ್ರೆ) ಬರುದು ಕಡಿಮೆ ಅಂತ ಸಂಶೋಧನೆಗಳೂ ತೋರ್ಸಿವೆ, ಹಾಗಾಗಿ ಹಗಲು ಅಂಗಳ, ಕತ್ತಲಾದ ಮೇಲೆ ಸ್ವಲ್ಪ ಹೊತ್ತು ಗೇಮು ಅಂತ ಮಾಡ್ಬಹುದು. ರಾತ್ರಿ ಲೈಟು ಪೂರ್ತಿ ಆರ್ಸಿ ಆಡ್ಲಿಕ್ಕೆ ಬಿಡ್ಬೇಡಿ, ಟಿವಿಯ ಹಿಂದಿನ ಗೋಡೆಗೆ ಒಂದು ಸಣ್ಣ ಬಲ್ಬ್ ಬೆಳಕು ಇರ್ಲಿ, ಟಿವಿಯ ಬ್ರೈಟ್ನೆಸ್ಸೂ ಇಳ್ಸಿ.

ಮತ್ತೆ ಟಿವಿ ತಂದ ಮೇಲೂ ಅವನು ಐದು ಅಡಿ ಬಿಟ್ಟು ಮೂರಡಿಗೆ ಬಂದು ಕೂರ್ತಾ ಇದ್ರೆ, ಕಣ್ಣು ಸಣ್ಣ ಮಾಡಿ ನೋಡ್ತಾ ಇದ್ರೆ, ಅದಕ್ಕೆ ಟಿವಿ ಕಾರಣ ಅಂದ್ಕೊಂಡು ಬೈಬೇಡಿ. ದೂರದ್ದು ಅವನಿಗೆ ಸರೀ ಕಾಣ್ತಾ ಇಲ್ಲ ಅಂತ ಆಗಿರ್ಬಹುದು. ಆ ವಾರವೇ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಬೋರ್ಡಿನ ಅಕ್ಷರ ಓದ್ಸಿ ನೋಡ್ಲಿ. ಶಾಲೇಲಿ ಎಷ್ಟನೇ ಬೆಂಚಲ್ಲಿ ಕೂರುದು, ಅಲ್ಲಿಂದ ಬೋರ್ಡು ಕಾಣ್ತದಾ ಅಂತಾನೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ.